ವೆಬ್‌ಸೈಟ್ ಮಾಡಿಕೊಟ್ಟವರೇ ಡೊಮೇನ್ ಹಿಡಿದು ಕೂತರೆ ಏನು ಮಾಡುವುದು?

ಪ್ರಶ್ನೆ: ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ನಮ್ಮದು ವಾಲ್ವ್ ತಯಾರಿಸುವ ಸಣ್ಣ ಯೂನಿಟ್. ಕೆಲವು ವರ್ಷಗಳ ಹಿಂದೆ ಪರಿಚಯದವರೊಬ್ಬರು ವೆಬ್‌ಸೈಟ್ ಮಾಡಿಕೊಟ್ಟರು. ಡಾಟ್ ಕಾಮ್ ಹೆಸರನ್ನೂ ಅವರೇ ತೆಗೆದುಕೊಟ್ಟರು. ವರ್ಷಕ್ಕೊಮ್ಮೆ ಅವರು ಕೇಳಿದಷ್ಟು ದುಡ್ಡು ಹಾಕುತ್ತಾ ಬಂದಿದ್ದೇವೆ. ಈಗ ಬೇರೆಯವರಿಂದ ಹೊಸ ಸೈಟ್ ಮಾಡಿಸುತ್ತೇವೆ ಎಂದರೆ, ‘ಡೊಮೇನ್ ನನ್ನ ಅಕೌಂಟಿನಲ್ಲಿದೆ, 60 ಸಾವಿರ ಕೊಟ್ಟರೆ ಬಿಡುತ್ತೇನೆ’ ಎನ್ನುತ್ತಾರೆ. ಕೆಲವು ಸಲ ಫೋನೇ ಎತ್ತುವುದಿಲ್ಲ. ನಮಗೆ ಆರ್ಡರ್, ಡ್ರಾಯಿಂಗ್ ಎಲ್ಲ ಬರುವುದು ಅದೇ ಹೆಸರಿನ ಇಮೇಲ್‌ಗೆ. ಎರಡು ತಿಂಗಳಲ್ಲಿ ರಿನ್ಯೂವಲ್ ಬೇರೆ ಇದೆ. ಅವರ ಹಳೇ ಪಾಸ್‌ವರ್ಡ್ ನಮ್ಮ ಆಫೀಸಿನ ಹುಡುಗನಿಗೆ ಗೊತ್ತಿದೆ. ನಾವೇ ಒಳಗೆ ಹೋಗಿ ಡೊಮೇನ್ ತೆಗೆದುಕೊಳ್ಳಬಹುದೇ? (ಹೆಸರು ಹಾಕುವುದು ಬೇಡ)

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬೇಡ. ಹುಡುಗನಿಗೂ ಹೇಳಿ, ಸುಮ್ನೆ ಇರಲಿ ಅಂತ. ಅಕೌಂಟ್ ಅವರದು. ಅನುಮತಿ ಇಲ್ಲದೆ ಒಳಗೆ ಹೋದರೆ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 43ನೇ ಮತ್ತು 66ನೇ ಸೆಕ್ಷನ್ ನಿಮ್ಮ ಮೇಲೆ ಬರುತ್ತದೆ. 66ರ ಪ್ರಕಾರ ಮೂರು ವರ್ಷದವರೆಗೆ ಜೈಲು ಅಥವಾ ಐದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಈಗ ನ್ಯಾಯ ನಿಮ್ಮ ಕಡೆ ಇದೆ. ಒಂದು ಲಾಗಿನ್‌ನಿಂದ ಅದನ್ನು ಅವರ ಕಡೆಗೆ ತಳ್ಳಬೇಡಿ.

ಇನ್ನು ವಿಷಯಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ಡೊಮೇನ್, ವೆಬ್‌ಸೈಟ್, ಇಮೇಲ್ ಮೂರೂ ಒಂದೇ ವಸ್ತು ಎಂಬ ಹಾಗಿದೆ. ಹೊರಗಿನಿಂದ ನೋಡಿದರೆ ಹಾಗೇ ಕಾಣುತ್ತದೆ, ಅಲ್ವಾ? ಆದರೆ ಇವು ಬೇರೆ ಬೇರೆ. ಡೊಮೇನ್ ಎಂದರೆ ಹೆಸರು ಮಾತ್ರ. ಅದು ರಿಜಿಸ್ಟ್ರಾರ್ ಎಂಬ ಕಂಪನಿಯ ಹತ್ತಿರ ಯಾರದೋ ಹೆಸರಿನಲ್ಲಿ ನೋಂದಣಿಯಾಗಿರುತ್ತದೆ. ವೆಬ್‌ಸೈಟಿನ ಫೈಲುಗಳು ಹೋಸ್ಟಿಂಗ್ ಎಂಬ ಬಾಡಿಗೆ ಜಾಗದಲ್ಲಿರುತ್ತವೆ. ಮೇಲ್ ಅದೇ ಹೋಸ್ಟಿಂಗಿನಲ್ಲಿರಬಹುದು, ಗೂಗಲ್ ಅಥವಾ ಮೈಕ್ರೋಸಾಫ್ಟ್ ಹತ್ತಿರವೂ ಇರಬಹುದು. ಯಾರಾದರೂ ನಿಮ್ಮ ಡೊಮೇನ್ ಹೆಸರು ಟೈಪ್ ಮಾಡಿದಾಗ ಸೈಟಿಗಾಗಿ ಎಲ್ಲಿಗೆ ಹೋಗಬೇಕು, ಮೇಲ್ ಎಲ್ಲಿಗೆ ತಲುಪಬೇಕು ಎಂದು ದಾರಿ ತೋರಿಸುವುದು ಡಿಎನ್‌ಎಸ್. ಆ ದಾರಿಯನ್ನು ಬದಲಿಸುವ ಅಧಿಕಾರ ಕೊನೆಗೆ ಡೊಮೇನ್ ಯಾರ ಕೈಯಲ್ಲಿದೆಯೋ ಅವರದು.

ಅದಕ್ಕೇ ನನ್ನ ಸಲಹೆ: ವೆಬ್‌ಸೈಟ್ ಬಗ್ಗೆ ಜಗಳವೇ ಆಡಬೇಡಿ. ಅದು ಹೋದರೆ ಹೋಗಲಿ. ಹತ್ತು ಪುಟದ ವಾಲ್ವ್ ಕ್ಯಾಟಲಾಗನ್ನು ಹೊಸಬರು ಬೇಗನೇ ಮಾಡಿಕೊಡುತ್ತಾರೆ. ಹೇಗೂ ನೀವು ಹೊಸದನ್ನೇ ಮಾಡಿಸಲು ಹೊರಟವರು. ಆದರೆ ಡೊಮೇನ್ ಹೋದರೆ ವಿಸಿಟಿಂಗ್ ಕಾರ್ಡ್, ಇನ್‌ವಾಯ್ಸ್, ವಾಲ್ವಿನ ನೇಮ್‌ಪ್ಲೇಟ್, ಕಸ್ಟಮರ್‌ಗಳ ವೆಂಡರ್ ಲಿಸ್ಟ್ ಎಲ್ಲ ಕಡೆ ಇರುವ ವಿಳಾಸ ಹೋಗುತ್ತದೆ. ನಿಮ್ಮ ಪೂರ್ತಿ ಗಮನ ಹೆಸರಿನ ಮೇಲಿರಲಿ, ಮೇಲ್ ಮೇಲಿರಲಿ.

ಅದರಲ್ಲೂ ಮೊದಲು ಮೇಲ್. ಇವತ್ತೇ ಮಾಡಬೇಕಾದ ಕೆಲಸ ಇದು. ಅವರಿಗೆ ಇನ್ನೊಂದು ಮೆಸೇಜ್ ಕಳಿಸುವ ಮುಂಚೆಯೇ ಮಾಡಿ. ನಿಮ್ಮ ಎಲ್ಲ ಮೇಲ್ ಅಕೌಂಟುಗಳನ್ನು ಔಟ್‌ಲುಕ್ ಅಥವಾ ಥಂಡರ್‌ಬರ್ಡ್‌ನಲ್ಲಿ ತೆರೆದು, ಪೂರ್ತಿ ಮೇಲ್ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಬಂದ ಮೇಲ್ ಅಷ್ಟೇ ಅಲ್ಲ, ಕಳಿಸಿದ್ದೂ ಬೇಕು. ಅದರ ಇನ್ನೊಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿರಲಿ. ಮೇಲ್ ಅವರ ಹೋಸ್ಟಿಂಗಿನಲ್ಲಿದ್ದರೆ, ಅವರು ಸಿಟ್ಟಿನಲ್ಲಿ ಒಂದು ಬಟನ್ ಒತ್ತಿದರೆ ಹಳೆಯ ಆರ್ಡರ್, ಡ್ರಾಯಿಂಗ್ ಎಲ್ಲ ಒಟ್ಟಿಗೆ ಹೋಗುತ್ತವೆ. ಸಿಟ್ಟು ಬರದಿದ್ದರೂ, ಅವರು ಹೋಸ್ಟಿಂಗಿಗೆ ದುಡ್ಡು ಕಟ್ಟದೇ ಇದ್ದರೂ ಅದೇ ಗತಿ. ಸೈಟಿನ ಫೋಟೋ, ಕ್ಯಾಟಲಾಗ್ ಪಿಡಿಎಫ್, ಬರಹಗಳನ್ನೂ ಇಳಿಸಿಕೊಳ್ಳಿ.

ಆಮೇಲೆ ಒಂದು ಪಟ್ಟಿ ಮಾಡಿ: ಈ ಡೊಮೇನಿನ ಇಮೇಲನ್ನು ನೀವು ಎಲ್ಲೆಲ್ಲಿ ಕೊಟ್ಟಿದ್ದೀರಿ? ಜಿಎಸ್‌ಟಿ ಪೋರ್ಟಲ್, ಬ್ಯಾಂಕ್, ಉದ್ಯಮ್ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ), ಟೆಂಡರ್ ಪೋರ್ಟಲ್‌ಗಳು. ಡೊಮೇನ್ ಯಾರ ಕೈಯಲ್ಲಿದೆಯೋ ಅವರು ಆ ಹೆಸರಿಗೆ ಬರುವ ಮೇಲನ್ನೆಲ್ಲ ತಮ್ಮ ಕಡೆ ತಿರುಗಿಸಿಕೊಳ್ಳಬಲ್ಲರು. ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂದು ಒತ್ತಿದರೆ ಬರುವ ಲಿಂಕ್ ಕೂಡ ಅವರಿಗೇ ಹೋಗುತ್ತದೆ. ನಿಮ್ಮ ಪರಿಚಯದವರು ಹಾಗೆ ಮಾಡುತ್ತಾರೆ ಎನ್ನುತ್ತಿಲ್ಲ. ಆದರೆ ರಿನ್ಯೂವಲ್ ತಪ್ಪಿ ಹೆಸರು ಯಾರೋ ಅಪರಿಚಿತರ ಪಾಲಾದರೆ? ‘ನಮ್ಮ ಬ್ಯಾಂಕ್ ಅಕೌಂಟ್ ಬದಲಾಗಿದೆ, ಪೇಮೆಂಟ್ ಇಲ್ಲಿಗೆ ಹಾಕಿ’ ಎಂದು ನಿಮ್ಮದೇ ವಿಳಾಸದಿಂದ ಪುಣೆಯ ಕಸ್ಟಮರ್‌ಗೆ ಮೇಲ್ ಹೋದರೆ ಅವರು ಅನುಮಾನಪಡುವುದು ಹೇಗೆ? ಬ್ಯಾಂಕು ಮತ್ತು ಜಿಎಸ್‌ಟಿಯಲ್ಲಿ ಸದ್ಯಕ್ಕೆ ಬೇರೆ ಇಮೇಲ್ ಕೊಡಿ. ಜಿಎಸ್‌ಟಿಯಲ್ಲಿ ಇದು ನಾನ್‌ಕೋರ್ ತಿದ್ದುಪಡಿ, ಅಧಿಕಾರಿಯ ಒಪ್ಪಿಗೆ ಕಾಯಬೇಕಿಲ್ಲ.

ಇಷ್ಟಾದ ಮೇಲೆ ಡೊಮೇನ್ ನಿಜಕ್ಕೂ ಯಾರ ಹೆಸರಿನಲ್ಲಿದೆ ಎಂದು ನೋಡಿ. ಅವರ ‘ಅಕೌಂಟಿನಲ್ಲಿದೆ’ ಎಂಬುದೂ ಅವರ ‘ಹೆಸರಿನಲ್ಲಿದೆ’ ಎಂಬುದೂ ಬೇರೆ ಬೇರೆ. ಜಾಗದ ಖಾತೆ ನಿಮ್ಮ ಹೆಸರಲ್ಲಿದ್ದು, ಕಾಗದಪತ್ರದ ಫೈಲು ಮಾತ್ರ ಏಜೆಂಟರ ಬೀರುವಿನಲ್ಲಿ ಇರುವ ಹಾಗೆ ಇದು. ಡೊಮೇನ್ ಹೆಸರುಗಳ ಜಾಗತಿಕ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಲುಕಪ್ ಡಾಟ್ ಐಕ್ಯಾನ್ ಡಾಟ್ ಆರ್ಗ್ ಎಂಬ ತಾಣದಲ್ಲಿ ನಿಮ್ಮ ಡೊಮೇನ್ ಹೆಸರು ಹಾಕಿದರೆ ರಿಜಿಸ್ಟ್ರಾರ್ ಯಾರು, ನೋಂದಣಿಯಾದ ದಿನ ಯಾವುದು, ಅವಧಿ ಮುಗಿಯುವುದು ಯಾವಾಗ, ಬೇರೆಡೆಗೆ ಸಾಗಿಸದಂತೆ ಲಾಕ್ ಇದೆಯೇ, ನೇಮ್‌ಸರ್ವರ್ (ಡಿಎನ್‌ಎಸ್ ದಾಖಲೆ ಇರುವ ಜಾಗ) ಯಾವುದು, ಎಲ್ಲ ಬರುತ್ತದೆ. ಯುರೋಪಿನ ಖಾಸಗಿತನದ ಕಾನೂನು 2018ರಲ್ಲಿ ಜಾರಿಯಾದ ಮೇಲೆ ಮಾಲೀಕರ ಹೆಸರು, ಫೋನ್, ಇಮೇಲ್ ಸಾಮಾನ್ಯವಾಗಿ ಮುಚ್ಚಿರುತ್ತವೆ. ಸಂಸ್ಥೆಯ ಹೆಸರು, ರಾಜ್ಯ ಮಾತ್ರ ಕಾಣುವುದುಂಟು. ಅಲ್ಲಿ ನಿಮ್ಮ ಫರ್ಮಿನ ಹೆಸರು ಕಂಡರೆ ಅರ್ಧ ಕೆಲಸ ಮುಗಿದ ಹಾಗೆ. ಆ ಪುಟದ ಸ್ಕ್ರೀನ್‌ಶಾಟ್ ತಾರೀಖು ಕಾಣುವ ಹಾಗೆ ತೆಗೆದಿಡಿ.

ಒಂದು ಎಚ್ಚರಿಕೆ. ಅಲ್ಲಿ ಅವಧಿ ಮುಗಿಯುವ ತಾರೀಖು ಎರಡು ಕಾಣಬಹುದು: ರಿಜಿಸ್ಟ್ರಿಯದು (ಡಾಟ್ ಕಾಮ್ ಹೆಸರುಗಳ ಮೂಲ ದಾಖಲೆ ಇಡುವ ಸಂಸ್ಥೆ) ಒಂದು, ರಿಜಿಸ್ಟ್ರಾರದು ಒಂದು. ಡಾಟ್ ಕಾಮ್‌ನಲ್ಲಿ ಅವಧಿ ಮುಗಿದ ಕೂಡಲೇ ರಿಜಿಸ್ಟ್ರಿ ತಾನಾಗಿ ಒಂದು ವರ್ಷ ಮುಂದೆ ಹಾಕಿಬಿಡುತ್ತದೆ. ಅದನ್ನು ನೋಡಿ ‘ಓ, ರಿನ್ಯೂ ಆಗಿದೆ’ ಎಂದು ಸುಮ್ಮನಾದರೆ ಕೆಟ್ಟಿರಿ. ದುಡ್ಡು ಕಟ್ಟಿದ್ದಾರೆಯೇ ಎಂಬುದಕ್ಕೆ ರಿಜಿಸ್ಟ್ರಾರದ್ದೇ ತಾರೀಖು ನೋಡಬೇಕು.

ಈಗ ರಿಜಿಸ್ಟ್ರಾರ್ ಯಾರೆಂದು ಗೊತ್ತಾಯಿತಲ್ಲ. ನಮ್ಮ ಊರುಗಳಲ್ಲಿ ಸೈಟ್ ಮಾಡಿಕೊಡುವವರು ಹೆಚ್ಚಾಗಿ ಯಾವುದೋ ದೊಡ್ಡ ರಿಜಿಸ್ಟ್ರಾರ್‌ನ ಗಿರಾಕಿ ಅಥವಾ ರೀಸೆಲ್ಲರ್ ಆಗಿರುತ್ತಾರೆ. ತಮ್ಮ ಎಲ್ಲ ಗಿರಾಕಿಗಳ ಡೊಮೇನನ್ನೂ ಒಂದೇ ಅಕೌಂಟಿನಲ್ಲಿ ತುಂಬಿರುತ್ತಾರೆ. ಅದರಲ್ಲಿ ದುರುದ್ದೇಶ ಇರುವುದು ಕಡಿಮೆ, ಸೋಮಾರಿತನ ಜಾಸ್ತಿ. ನೋಂದಣಿಯಲ್ಲಿ ನಿಮ್ಮ ಹೆಸರೋ ಫರ್ಮಿನ ಹೆಸರೋ ಇದ್ದರೆ, ಮಧ್ಯದವರನ್ನು ಬಿಟ್ಟು ನೇರವಾಗಿ ರಿಜಿಸ್ಟ್ರಾರ್‌ಗೆ ಬರೆಯಬಹುದು. ಜಿಎಸ್‌ಟಿ ಸರ್ಟಿಫಿಕೇಟ್, ಪ್ಯಾನ್, ಫರ್ಮಿನ ಲೆಟರ್‌ಹೆಡ್‌ನಲ್ಲಿ ಸಹಿ ಹಾಕಿದ ಪತ್ರ ಕಳಿಸಿ. ಡಾಟ್ ಕಾಮ್ ತರಹದ ಹೆಸರುಗಳಿಗೆ ಐಕ್ಯಾನ್ ನಿಯಮವಿದೆ: ನೋಂದಾಯಿತ ಮಾಲೀಕರು ಕೇಳಿದ ಐದು ದಿನದೊಳಗೆ ರಿಜಿಸ್ಟ್ರಾರ್ ವರ್ಗಾವಣೆಯ ಕೋಡ್ ಕೊಡಬೇಕು, ಅಥವಾ ಅದನ್ನು ಮಾಲೀಕರೇ ಪಡೆಯುವ ದಾರಿ ತೋರಿಸಬೇಕು. ಕೊಡದಿದ್ದರೆ ಐಕ್ಯಾನ್‌ಗೆ ದೂರು ಕೊಡಲು ಫಾರ್ಮ್ ಇದೆ. ಆದರೆ ಹೆಸರು ಯಾರದು ಎಂಬ ಜಗಳವನ್ನು ಐಕ್ಯಾನ್ ಬಗೆಹರಿಸುವುದಿಲ್ಲ. ಡಾಟ್ ಇನ್ ಆಗಿದ್ದರೆ ಐಕ್ಯಾನ್‌ನ ಈ ನಿಯಮ ಬರುವುದಿಲ್ಲ, ಅದನ್ನು ನೋಡಿಕೊಳ್ಳುವುದು ದೆಹಲಿಯ ನಿಕ್ಸಿ ಸಂಸ್ಥೆ.

ನೋಂದಣಿಯಲ್ಲಿ ಅವರದೇ ಹೆಸರು ಇದ್ದರೆ? ಆಗ ಮಾತುಕತೆಯೇ ಮೊದಲ ದಾರಿ. ಇಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸುವುದಿಲ್ಲ. 60 ಸಾವಿರ ಕೊಡಬೇಡಿ, ಆದರೆ ಏನೂ ಕೊಡುವುದಿಲ್ಲ ಎಂದು ಹಟವನ್ನೂ ಹಿಡಿಯಬೇಡಿ. ಅವರ ಬಾಕಿ ಇದ್ದರೆ ತೀರಿಸಿ. ವರ್ಗಾಯಿಸುವ ಕೆಲಸಕ್ಕೆ ಒಂದು ಮರ್ಯಾದೆಯ ಮೊತ್ತ ಕೊಡಿ, ಬಿಲ್ ಕೇಳಿ. ಎರಡು ತಿಂಗಳಲ್ಲಿ ಅವಧಿ ಮುಗಿಯುವ ಹೆಸರಿಗೆ ಕೋರ್ಟಿನ ವೇಗ ಸಾಲದು.

ಕೇಳುವಾಗ ‘ಡೊಮೇನ್ ಕೊಡಿ’ ಎಂದು ಕೇಳಬೇಡಿ, ಏನು ಮಾಡಬೇಕು ಎಂದು ಬಿಡಿಸಿ ಹೇಳಿ. ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸುವುದಕ್ಕಿಂತ ಸುಲಭದ ದಾರಿ ಇದೆ. ಅದೇ ರಿಜಿಸ್ಟ್ರಾರ್ ಹತ್ತಿರ ನಿಮ್ಮ ಹೆಸರಿನಲ್ಲಿ ಹೊಸ ಅಕೌಂಟ್ ತೆರೆಯಿರಿ. ಅವರ ಅಕೌಂಟಿನಿಂದ ನಿಮ್ಮದಕ್ಕೆ ‘ಪುಶ್’ ಮಾಡಲು ಹೇಳಿ. ಇದಕ್ಕೆ ಕೋಡ್ ಬೇಡ, ಸಾಮಾನ್ಯವಾಗಿ ಖರ್ಚೂ ಇಲ್ಲ, ನಿಮಿಷಗಳಲ್ಲಿ ಮುಗಿಯುತ್ತದೆ. ಸೈಟು, ಮೇಲು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಬೇರೆ ರಿಜಿಸ್ಟ್ರಾರ್‌ಗೆ ಹೋಗುವುದಾದರೆ ಕೆಲವು ದಿನ ಹಿಡಿಯುತ್ತದೆ. ಜತೆಗೆ, ಹೊಸದಾಗಿ ನೋಂದಣಿ ಅಥವಾ ವರ್ಗಾವಣೆ ಆದ ಮೇಲೆ 60 ದಿನ ಮತ್ತೆ ಸಾಗಿಸಲು ಆಗದಂತೆ ಲಾಕ್ ಬೀಳುವುದು ಮಾಮೂಲು.

ವಾಟ್ಸಾಪ್‌ನಲ್ಲಿ ಹೀಗೆ ಬರೆಯಿರಿ, ಮೇಲ್‌ನಲ್ಲೂ ಅದನ್ನೇ ಕಳಿಸಿ:

‘ನಮಸ್ಕಾರ ರೀ. ಇಷ್ಟು ವರ್ಷ ನಮ್ಮ ಸೈಟ್ ನೋಡಿಕೊಂಡಿದ್ದೀರಿ, ಅದಕ್ಕೆ ಥ್ಯಾಂಕ್ಸ್. ಲೆಕ್ಕ ಪರಿಶೋಧಕರು ಕೇಳಿದ್ದರಿಂದ ಡೊಮೇನ್ ಫರ್ಮಿನ ಹೆಸರಿನಲ್ಲೇ ಇರಬೇಕಾಗಿದೆ. ಅದೇ ರಿಜಿಸ್ಟ್ರಾರ್‌ನಲ್ಲಿ ನಮ್ಮ ಅಕೌಂಟ್ ತೆರೆದಿದ್ದೇವೆ. ಈ ಶುಕ್ರವಾರದೊಳಗೆ ಅದಕ್ಕೆ ಪುಶ್ ಮಾಡಿಕೊಡಿ. ನಿಮ್ಮ ಬಾಕಿ ಎಷ್ಟಿದೆ ತಿಳಿಸಿ, ಡೊಮೇನ್ ಬಂದ ದಿನವೇ ಹಾಕುತ್ತೇವೆ.’

ಲೆಕ್ಕ ಪರಿಶೋಧಕರ ಮಾತು ಸುಳ್ಳಾಗುವುದು ಬೇಡ, ಒಮ್ಮೆ ಅವರನ್ನು ನಿಜವಾಗಿಯೂ ಕೇಳಿ. ಫರ್ಮಿನ ಹೆಸರಿನಲ್ಲೇ ಇರಲಿ ಎಂದೇ ಅವರೂ ಹೇಳುತ್ತಾರೆ. ಈ ಮೆಸೇಜಿಗೆ ಬರುವ ಉತ್ತರವೂ ಮುಖ್ಯ. ‘ನಿಮ್ಮ ಡೊಮೇನ್’ ಎಂದು ಅವರ ಕೈಯಿಂದ ಬರೆದ ಒಂದು ಸಾಲು ಸಿಕ್ಕರೂ ಮುಂದೆ ವಕೀಲರಿಗೆ ಬಲು ಉಪಯೋಗ. ಹಳೆಯ ಯುಪಿಐ ದಾಖಲೆಗಳು, ‘ಡೊಮೇನ್ ರಿನ್ಯೂವಲ್‌ಗೆ ಇಷ್ಟು ಕಳಿಸಿ’ ಎಂಬ ಹಳೆಯ ಮೆಸೇಜುಗಳು, ಬಿಲ್‌ಗಳು, ಎಲ್ಲ ಒಂದೇ ಫೋಲ್ಡರಿಗೆ ಹಾಕಿ. ದುಡ್ಡು ನಿಮ್ಮದು, ಹೆಸರು ನಿಮಗಾಗಿ ತೆಗೆದದ್ದು ಎಂಬುದಕ್ಕೆ ಇವೇ ಸಾಕ್ಷಿ.

ಮಾತು ಮುಗಿಯುವ ಮುಂಚೆ ರಿನ್ಯೂವಲ್ ದಿನ ಬಂದರೆ ಏನು? ಮೊದಲು ಗಾಬರಿ ಬೇಡ. ಡಾಟ್ ಕಾಮ್ ಹೆಸರು ಅವಧಿ ಮುಗಿದ ರಾತ್ರಿಯೇ ಮಾರಾಟಕ್ಕೆ ಬೀಳುವುದಿಲ್ಲ. ರಿಜಿಸ್ಟ್ರಾರ್ ಮನಸ್ಸು ಮಾಡಿದರೆ 45 ದಿನದವರೆಗೆ ಇಟ್ಟುಕೊಳ್ಳಬಹುದು. ಅಳಿಸಿದ ಮೇಲೂ 30 ದಿನ ದುಬಾರಿ ಶುಲ್ಕ ಕಟ್ಟಿ ಬಿಡಿಸಿಕೊಳ್ಳುವ ಅವಕಾಶವಿದೆ. ಆಮೇಲೆ ಐದು ದಿನ ಯಾರೂ ಮುಟ್ಟುವಂತಿಲ್ಲ, ನಂತರ ಯಾರು ಬೇಕಾದರೂ ಕೊಳ್ಳಬಹುದು. ಆದರೆ ಮೊದಲ 45 ದಿನವನ್ನು ನಂಬಿ ಕೂರಬೇಡಿ. ಅಷ್ಟು ದಿನ ಕಾಯಲೇಬೇಕೆಂದು ರಿಜಿಸ್ಟ್ರಾರ್‌ಗೆ ಕಟ್ಟುಪಾಡಿಲ್ಲ, ಕೆಲವರು ಆ ಅವಧಿಯಲ್ಲೇ ಹರಾಜಿಗೂ ಇಡುತ್ತಾರೆ. ಮೇಲ್ ಅಂತೂ ಮೊದಲ ದಿನಗಳಲ್ಲೇ ನಿಲ್ಲಬಹುದು.

ಅಕೌಂಟ್ ಇಲ್ಲದವರಿಂದಲೂ ರಿನ್ಯೂವಲ್ ದುಡ್ಡು ತೆಗೆದುಕೊಳ್ಳುವ ರಿಜಿಸ್ಟ್ರಾರ್‌ಗಳಿದ್ದಾರೆ. ಕೇಳಿ ನೋಡಿ. 1999ರ ಕ್ರಿಸ್‌ಮಸ್ ಹೊತ್ತಿಗೆ ಮೈಕ್ರೋಸಾಫ್ಟ್ ಪಾಸ್‌ಪೋರ್ಟ್ ಡಾಟ್ ಕಾಮ್‌ಗೆ ದುಡ್ಡು ಕಟ್ಟಲು ಮರೆತು ಹಾಟ್‌ಮೇಲ್‌ಗೆ ತೊಂದರೆಯಾದಾಗ, ಮೈಕಲ್ ಚೇನಿ ಎಂಬ ಲಿನಕ್ಸ್ ಪ್ರೋಗ್ರಾಮರ್ ತನ್ನ ಕಾರ್ಡಿನಿಂದ 35 ಡಾಲರ್ ಕಟ್ಟಿ ಅದನ್ನು ಎಬ್ಬಿಸಿದ್ದರು. ಅಷ್ಟು ದೊಡ್ಡ ಕಂಪನಿಯೇ ಮರೆತ ಮೇಲೆ ಗೋಕುಲ ರೋಡಿನವರು ಮರೆಯುವುದೇನು ಮಹಾ! ಆದರೆ ನೆನಪಿರಲಿ, ದುಡ್ಡು ಕಟ್ಟಿದರೆ ಹೆಸರು ಉಳಿಯುತ್ತದೆ, ನಿಮ್ಮದಾಗುವುದಿಲ್ಲ.

ಮಾತಿಗೆ ಬಗ್ಗದಿದ್ದರೆ ವಕೀಲರ ನೋಟಿಸ್. ನಮ್ಮ ದೇಶದಲ್ಲಿ ಇದಕ್ಕೆ ಗಟ್ಟಿ ನೆಲೆಯಿದೆ. ಸತ್ಯಂ ಇನ್ಫೋವೇ ಮತ್ತು ಸಿಫಿನೆಟ್ ಸೊಲ್ಯೂಷನ್ಸ್ ನಡುವಿನ ಕೇಸು ಕರ್ನಾಟಕ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್ ಮುಟ್ಟಿತು. ಡೊಮೇನ್ ಬರೀ ವಿಳಾಸವಲ್ಲ, ವ್ಯಾಪಾರದ ಗುರುತು ಕೂಡ, ಟ್ರೇಡ್‌ಮಾರ್ಕ್‌ನ ಹಾಗೆ ಅದಕ್ಕೂ ಕಾನೂನಿನ ರಕ್ಷಣೆ ಇದೆ ಎಂದು 2004ರಲ್ಲಿ ತೀರ್ಪಾಯಿತು. ಎಷ್ಟೋ ಜನ ನೋಟಿಸ್ ಕೈಗೆ ಬಂದ ಮೇಲೆ ದಾರಿಗೆ ಬರುತ್ತಾರೆ.

ಕೋರ್ಟಿನ ಹೊರಗೆ ಯುಡಿಆರ್‌ಪಿ ಎಂಬ ಪಂಚಾಯಿತಿ ವ್ಯವಸ್ಥೆ ಇದೆ, 1999ರಿಂದ ಇದೆ. ಡಾಟ್ ಇನ್‌ಗೆ ಐಎನ್‌ಡಿಆರ್‌ಪಿ. ಯುಡಿಆರ್‌ಪಿಯಲ್ಲಿ ಮೂರು ವಿಷಯ ತೋರಿಸಬೇಕು: ಹೆಸರು ನಿಮ್ಮ ಟ್ರೇಡ್‌ಮಾರ್ಕ್‌ಗೆ ಹೋಲುತ್ತದೆ, ಆ ವ್ಯಕ್ತಿಗೆ ಅದರ ಮೇಲೆ ನ್ಯಾಯವಾದ ಹಕ್ಕಿಲ್ಲ, ಕೆಟ್ಟ ಉದ್ದೇಶದಿಂದ ನೋಂದಾಯಿಸಿ ಬಳಸಿದ್ದಾರೆ. ಈ ‘ನೋಂದಾಯಿಸಿದ ಹೊತ್ತಿನ ಕೆಟ್ಟ ಉದ್ದೇಶ’ವೇ ನಿಮಗೆ ತೊಡಕು. ಅವರು ಆಗ ನಿಮಗಾಗಿಯೇ ತೆಗೆದದ್ದು ತಾನೆ? ಇದು ವ್ಯವಹಾರದ ಜಗಳ, ಕೋರ್ಟಿಗೆ ಹೋಗಿ ಎಂದು ಕೆಲವು ಪಂಚರು ಕೈಬಿಟ್ಟದ್ದೂ ಉಂಟು. ಇಂಥ ಪಂಚಾಯಿತಿ ನಡೆಸುವ ವೈಪೋ (ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ) ಹತ್ತಿರ ಒಬ್ಬ ಪಂಚರ ಮುಂದೆ ಹೋಗಲು ಶುಲ್ಕವೇ 1500 ಡಾಲರ್. 60 ಸಾವಿರಕ್ಕಿಂತ ಅದೇ ಜಾಸ್ತಿಯಾಯಿತು. ಹೀಗಾಗಿ ನಿಮ್ಮ ಕೇಸಿಗೆ ಇದು ಕೊನೆಯ ದಾರಿ. ನಿಮ್ಮ ಬ್ರ್ಯಾಂಡ್ ಹೆಸರಿಗೆ ಟ್ರೇಡ್‌ಮಾರ್ಕ್ ಇಲ್ಲದಿದ್ದರೆ ಮಾತ್ರ ಈಗಲೇ ಅರ್ಜಿ ಹಾಕಿ. ಉದ್ಯಮ್ ನೋಂದಣಿ ಇದ್ದರೆ ಆನ್‌ಲೈನಿನಲ್ಲಿ ಒಂದು ವರ್ಗಕ್ಕೆ 4500 ರೂಪಾಯಿ.

ಹಳೆಯ ಸೈಟಿನ ವಿಚಾರ. ‘ದುಡ್ಡು ಕೊಟ್ಟಿದ್ದೇವೆ, ಸೈಟ್ ನಮ್ಮದೇ’ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. 1957ರ ಕಾಪಿರೈಟ್ ಕಾಯ್ದೆ ಹಾಗೆ ಹೇಳುವುದಿಲ್ಲ. ಸಂಬಳದ ನೌಕರ ಕೆಲಸದ ಭಾಗವಾಗಿ ಮಾಡಿದ್ದು ಮಾಲೀಕನದು. ಹೊರಗಿನವರು ಮಾಡಿಕೊಟ್ಟ ಕೋಡ್ ಮತ್ತು ವಿನ್ಯಾಸ, ಸಹಿ ಹಾಕಿದ ಬರಹದಲ್ಲಿ ಬಿಟ್ಟುಕೊಡದ ಹೊರತು, ಅವರದೇ. ಬರಹದಲ್ಲಿ ಎಷ್ಟು ವರ್ಷಕ್ಕೆ ಎಂದು ಇಲ್ಲದಿದ್ದರೆ ಐದೇ ವರ್ಷ, ಯಾವ ಪ್ರದೇಶಕ್ಕೆ ಎಂದು ಇಲ್ಲದಿದ್ದರೆ ಭಾರತಕ್ಕೆ ಮಾತ್ರ. ಆದರೆ ನೀವು ದುಡ್ಡು ಕೊಟ್ಟು ತೆಗೆಸಿದ ವಾಲ್ವಿನ ಫೋಟೋಗಳು, ಬೇರೆ ಕರಾರು ಇಲ್ಲದಿದ್ದರೆ, ನಿಮ್ಮವೇ. ನೀವು ಬರೆದುಕೊಟ್ಟ ವಿವರಗಳೂ ನಿಮ್ಮವು. ಅಷ್ಟು ಸಾಕು. ಹಳೆಯ ವಿನ್ಯಾಸವನ್ನು ನಕಲು ಮಾಡಿಸದೆ ಹೊಸದು ಮಾಡಿಸಿ. ಹೊಸಬರ ಹತ್ತಿರ ಎರಡು ಪುಟದ ಕರಾರಿಗೆ ಸಹಿ ಹಾಕಿಸುವಾಗ ವರ್ಷ, ಪ್ರದೇಶ ಎರಡನ್ನೂ ಬರೆಸಿ.

ಡೊಮೇನ್ ಕೈಗೆ ಬಂದ ದಿನ ಉತ್ಸಾಹದಲ್ಲಿ ನೇಮ್‌ಸರ್ವರ್ ಬದಲಿಸಬೇಡಿ. ಇಲ್ಲೇ ಜನ ಎಡವುವುದು. ಹೊಸ ಹೋಸ್ಟಿಂಗಿನವರು ‘ನೇಮ್‌ಸರ್ವರ್ ಇದು ಹಾಕಿ’ ಎನ್ನುತ್ತಾರೆ, ಹಾಕುತ್ತಾರೆ, ಸೈಟ್ ಚೆನ್ನಾಗಿ ಬರುತ್ತದೆ, ಮೇಲ್ ಸತ್ತಿರುತ್ತದೆ. ಯಾಕೆಂದರೆ ಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆ ಹಳೆಯ ಡಿಎನ್‌ಎಸ್‌ನಲ್ಲೇ ಉಳಿಯಿತು. ಕಳಿಸುವ ಮೇಲ್ ಸ್ಪ್ಯಾಮ್‌ಗೆ ಹೋಗದಂತೆ ಕಾಯುವ ಎಸ್‌ಪಿಎಫ್, ಡಿಕಿಮ್ ದಾಖಲೆಗಳೂ ಅಲ್ಲೇ ಉಳಿದವು. ಮೊದಲು ಹಳೆಯ ದಾಖಲೆಗಳನ್ನೆಲ್ಲ ಬರೆದಿಟ್ಟುಕೊಳ್ಳಿ. ಹೊಸ ಜಾಗದಲ್ಲಿ ಅವನ್ನು ತುಂಬಿ, ಆಮೇಲೆ ಬದಲಿಸಿ. ಆರ್ಡರ್ ಕಡಿಮೆ ಬರುವ ಶನಿವಾರ ಸಂಜೆ ಮಾಡಿದರೆ ಒಳ್ಳೆಯದು. ಮೇಲ್ ಹಳೆಯವರ ಹೋಸ್ಟಿಂಗಿನಲ್ಲೇ ಇದ್ದರೆ, ಅವರಿಗೆ ಕೊನೆಯ ನಮಸ್ಕಾರ ಹೇಳುವ ಮುಂಚೆ ಹೊಸ ಮೇಲ್ ಸಿದ್ಧವಾಗಿರಬೇಕು.

ಅಕೌಂಟ್ ನಿಮ್ಮದಾದ ಮೇಲೆ ನೋಂದಣಿಯ ಹೆಸರನ್ನು ಫರ್ಮಿಗೆ ಬದಲಿಸಿ. ಅಕೌಂಟಿಗೆ ಕೊಡುವ ಇಮೇಲ್ ಮಾತ್ರ ಅದೇ ಡೊಮೇನಿನದಾಗಿರಬಾರದು. ಡೊಮೇನ್ ನಿಂತರೆ ಅದರ ಇಮೇಲ್ ಕೂಡ ನಿಲ್ಲುತ್ತದೆ, ರಿನ್ಯೂವಲ್ ನೆನಪಿನ ಪತ್ರ ಎಲ್ಲಿಗೆ ಬರಬೇಕು? ಇದಕ್ಕೆಂದೇ ಒಂದು ಜಿಮೇಲ್ ಮಾಡಿ, ಮನೆಯ ಇಬ್ಬರಿಗೆ ಗೊತ್ತಿರಲಿ. ಹೆಸರೋ ಇಮೇಲೋ ಬದಲಿಸಿದಾಗ ಇಮೇಲ್ ಖಚಿತಪಡಿಸಿ ಎಂಬ ಪತ್ರ ಬರುತ್ತದೆ. 15 ದಿನದೊಳಗೆ ಅದರ ಲಿಂಕ್ ಒತ್ತದಿದ್ದರೆ ಡೊಮೇನನ್ನೇ ತಡೆಹಿಡಿಯಬಹುದು. ಎರಡು ಹಂತದ ಲಾಗಿನ್ ಹಾಕಿ. ಅದು ಕೆಲಸ ಬಿಟ್ಟು ಹೋಗಬಹುದಾದ ಹುಡುಗನ ಮೊಬೈಲಿಗೆ ಬೇಡ, ನಿಮ್ಮದಕ್ಕೇ ಇರಲಿ. ಬ್ಯಾಕಪ್ ಕೋಡುಗಳನ್ನು ಪ್ರಿಂಟ್ ಮಾಡಿ ಫ್ಯಾಕ್ಟರಿಯ ಕಾಗದಪತ್ರದ ಜತೆ ಇಡಿ. ಟ್ರಾನ್ಸ್‌ಫರ್ ಲಾಕ್ ಹಾಕಿ. ದುಡ್ಡಿದ್ದರೆ ಐದು ವರ್ಷಕ್ಕೆ ಒಟ್ಟಿಗೆ ಕಟ್ಟಿ. ಹತ್ತು ವರ್ಷಕ್ಕಿಂತ ಮುಂದಕ್ಕೆ ಕಟ್ಟಲು ಬಿಡುವುದಿಲ್ಲ.

ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಯೂನಿಟ್ ಇದ್ದರೆ ಅದರ ಪ್ರಧಾನ ಮಾಲೀಕರು ಯಾರು ಎಂದೂ ನೋಡಿ. ಅದನ್ನೂ ಅವರೇ ಮಾಡಿಕೊಟ್ಟಿದ್ದರೆ, ಪುಶ್ ಕೇಳುವಾಗಲೇ ಇದನ್ನೂ ಕೇಳಿಬಿಡಿ.

ಹೊಸಬರು ‘ಎಲ್ಲ ನಾವೇ ನೋಡಿಕೊಳ್ಳುತ್ತೇವೆ ಸರ್, ಲಾಗಿನ್ ಕೊಡಿ’ ಎಂದೇ ಶುರು ಮಾಡುತ್ತಾರೆ. ಅವರ ಕೆಲಸಕ್ಕೆ ಡೊಮೇನ್ ಅಕೌಂಟಿನ ಪಾಸ್‌ವರ್ಡ್ ಬೇಕಾಗಿಲ್ಲ. ಡಿಎನ್‌ಎಸ್‌ನಲ್ಲಿ ಏನು ಬದಲಿಸಬೇಕು ಎಂದು ಬರೆದು ಕಳಿಸಲಿ, ನೀವು ಅಥವಾ ನಿಮ್ಮ ಹುಡುಗ ಹಾಕಿ. ಪದೇ ಪದೇ ಬೇಕಾಗುತ್ತದೆ ಎಂದರೆ, ಕೆಲವು ರಿಜಿಸ್ಟ್ರಾರ್‌ಗಳಲ್ಲಿ ಸೀಮಿತ ಅಧಿಕಾರದ ಬೇರೆ ಲಾಗಿನ್ ಕೊಡುವ ಸೌಲಭ್ಯವಿದೆ, ಅದನ್ನು ಕೊಡಿ. ಹೋಸ್ಟಿಂಗ್ ಕೂಡ ನಿಮ್ಮ ಹೆಸರಲ್ಲೇ, ನಿಮ್ಮ ಕಾರ್ಡಿನಲ್ಲೇ ಕೊಳ್ಳಿ, ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಬರಲಿ. ಸೈಟಿನಲ್ಲಿ ಅವರಿಗೊಂದು ಅಡ್ಮಿನ್, ನಿಮಗೊಂದು ಅಡ್ಮಿನ್. ಇದಕ್ಕೆ ಒಪ್ಪದವರು ಎಷ್ಟೇ ಚೆಂದದ ಸೈಟ್ ಮಾಡುವವರಿರಲಿ, ಬೇರೆಯವರನ್ನು ನೋಡಿ.